ಅಣ್ಣನ ಪೆಟ್ಟಿಗೆಗೆ ನನ್ನ ಜನರೇಟರ್

ಜನರೇಟರ್ ಕೊಂಡದ್ದು ಕಾಳಿ ನದಿಯ ಹೆದರಿಕೆಗೆ. ಕೋಡಿಬಾಗದ ನಮ್ಮ ಓಣಿಗೆ ಒಂದು ಮಳೆಗಾಲದಲ್ಲಿ ನೀರು ನುಗ್ಗಿದ ಮೇಲೆ, ಆಕಾಶ ಕಪ್ಪಾದರೆ ಸಾಕು, ನದಿಯ ಮಟ್ಟ ನೋಡಲು ಓಡುತ್ತೇನೆ. ಜನರೇಟರ್ ಸೂಟ್‌ಕೇಸಿನಷ್ಟು ದೊಡ್ಡದು, ಕೈಯಲ್ಲಿ ಎತ್ತಿಕೊಂಡು ಹೋಗಬಹುದು. ಡಬ್ಬದ ಮೇಲಿನ ಚಿತ್ರದಲ್ಲಿ ಒಂದು ಸಂಸಾರ ಡೇರೆಯ ಮುಂದೆ ಕುಳಿತು ನಗುತ್ತಿತ್ತು. ನಾನು ಜನ್ಮದಲ್ಲಿ ಡೇರೆಯೊಳಗೆ ಮಲಗಿದವನಲ್ಲ. ಹಾವು ಬಂದರೆ ಎಂಬ ಚಿಂತೆ. ತಿಂಗಳಿಗೊಮ್ಮೆ ಹಗ್ಗ ಎಳೆದು ಚಾಲೂ ಮಾಡಿ, ಒಂದು ಬಲ್ಬು ಉರಿಸಿ, ಉರಿಯಿತಲ್ಲ ಎಂದು ಸಮಾಧಾನಪಟ್ಟು, ಮತ್ತೆ ಹಳೆಯ ಸೀರೆ ಹೊದಿಸಿ ಇಡುತ್ತಿದ್ದೆ. ಒಂದು ಬಲ್ಬಿಗಿಂತ ಹೆಚ್ಚಿನ ಭಾರ ಹೊರಿಸಿ ನೋಡಿದ್ದಿಲ್ಲ. ಕೆಟ್ಟುಹೋದರೆ?

ಅಣ್ಣ ಕಾರವಾರದ ಆಸ್ಪತ್ರೆಯಲ್ಲಿ ತೀರಿಕೊಂಡ. ಸಂಜೆ ಅವರ್ಸಾದ ಮನೆಗೆ ತಂದೆವು. ಬಾಡಿಗೆಯ ಫ್ರೀಜರ್ ಪೆಟ್ಟಿಗೆಯೂ ಜೊತೆಗೇ ಬಂತು. ಒಬ್ಬಳೇ ಮಗಳು ರತ್ನಾಗಿರಿಯಲ್ಲಿ ನರ್ಸು, ಮರುದಿನ ಬೆಳಿಗ್ಗೆ ಮುಟ್ಟುವವಳಿದ್ದಳು. ಬೆಳಗಿನ ಜಾವದ ಗಾಳಿಮಳೆಗೆ ಹಳಿಯ ಮೇಲೆ ಗುಡ್ಡ ಜರಿದು ಅವಳ ರೈಲು ನಡುದಾರಿಯಲ್ಲಿ ನಿಂತಿತು. ಅದೇ ಗಾಳಿಗೆ ಅವರ್ಸಾದ ಕಂಬಗಳು ಮುರಿದು ಬಿದ್ದವು. ಕರೆಂಟು ನಾಳೆಯ ಮಾತು ಎಂದರು.

“ಹಾಂಗಾರೆ ಮಧ್ಯಾಹ್ನದೊಳಗೆ ಎತ್ತುವಾ,” ಎಂದರು ದೊಡ್ಡಪ್ಪ. ಮನೆತನಕ್ಕೆ ಈಗ ಅವರೇ ಹಿರಿಯರು. “ಕರೆಂಟ್ ಇಲ್ಲದ ಪೆಟ್ಟಿಗೆ ಅಂದ್ರೆ ಎಂತಾ? ಗಾಜಿನ ಕಪಾಟು.”

ಅತ್ತಿಗೆ ನನ್ನತ್ತ ನೋಡಿದರು. ಅಷ್ಟರಲ್ಲಿ ಹುಡುಗಿಯ ಫೋನು. “ಕಾಕಾ, ಯಾವ ಗಾಡಿ ಸಿಕ್ಕಿದ್ರೂ ಹತ್ತಿ ಬರ್ತೆ. ಅಪ್ಪನ ಮುಖ ಒಂದ್ಸಲ ನೋಡ್ಬೇಕು. ಕಾಯ್ತೀರಾ?”

“ಕಾಯ್ತೇವೆ. ನನ್ನ ಹತ್ರ ಜನರೇಟರ್ ಉಂಟು,” ಎಂದೆ. ಇಷ್ಟು ವರ್ಷ ಚಿಂತೆ ಮಾಡಿದ್ದಕ್ಕೆ ಒಂದು ಅರ್ಥ ಬಂತಲ್ಲ ಎಂದು ಒಳಗೊಳಗೇ ಬೀಗಿದ್ದೂ ನಿಜ. ದೊಡ್ಡಪ್ಪ ಒಪ್ಪಿದರು: ಹೊತ್ತು ಮುಳುಗುವುದರೊಳಗೆ ಎತ್ತಲೇಬೇಕು, ಅಲ್ಲಿಯವರೆಗೆ ಪೆಟ್ಟಿಗೆ ನಡೆದರೆ ಕಾಯೋಣ.

ಕೋಡಿಬಾಗಕ್ಕೆ ಹೋಗಿ ಅದನ್ನು ಕಾರಿನಲ್ಲಿ ತಂದೆ. ಹೊಗೆ ಒಳಗೆ ಬಾರದಿರಲೆಂದು ಕೊಟ್ಟಿಗೆಯ ಸೂರಿನ ಕೆಳಗಿಟ್ಟು, ಉದ್ದದ ವಯರು ಎಳೆದು, ಜಗುಲಿಯಲ್ಲಿದ್ದ ಪೆಟ್ಟಿಗೆಯ ಪಕ್ಕ ಪ್ಲಗ್ ಬೋರ್ಡು ಇಟ್ಟೆ. “ಫ್ಯಾನ್ ಹಾಕ್ಬೇಡಿ, ಬಲ್ಬ್ ಹಾಕ್ಬೇಡಿ, ಮೊಬೈಲ್ ಚಾರ್ಜಿಗಿಡ್ಬೇಡಿ,” ಎಂದು ನೆರೆದವರಿಗೆಲ್ಲ ಕೂಗಿ ಹೇಳಿದೆ. ಸಾವಿನ ಮನೆಯಲ್ಲಿ ಅಷ್ಟು ಜೋರಾಗಿ ಮಾತಾಡಿದವನು ನಾನೊಬ್ಬನೇ.

ಜನರೇಟರ್ ಮೊದಲ ಎಳೆತಕ್ಕೇ ಹೊತ್ತಿತು. ಖಾಲಿ ನಡೆಯುವಾಗ ಗಡಿಯಾರದ ಹಾಗೆ. ಪೆಟ್ಟಿಗೆಯ ಕಂಪ್ರೆಸರ್ ಎದ್ದಿತೋ ಇಲ್ಲವೋ, ಏದುಸಿರು ಬಿಟ್ಟು, ಗೊರಗೊರ ಎಂದು ಕುಸಿಯಿತು. ಫಿಲ್ಟರ್ ಬಿಚ್ಚಿ ಕೊಡವಿದೆ. ಸ್ಪಾರ್ಕ್ ಪ್ಲಗ್ ಒರೆಸಿದೆ. ಟ್ಯಾಂಕಿನ ಮುಚ್ಚಳ ಸಡಿಲಿಸಿದೆ. ಚೋಕನ್ನು ಅರ್ಧ ಎಳೆದಾಗ ಸ್ವಲ್ಪ ಚೇತರಿಸಿಕೊಂಡಿತು. ಅಂದರೆ ಪೆಟ್ರೋಲು ಸಾಕಷ್ಟು ಹೋಗುತ್ತಿಲ್ಲ. ಕಾರ್ಬೊರೇಟರ್ ಬಿಚ್ಚಿದರೆ ತಳದಲ್ಲಿ ಜೋನಿಬೆಲ್ಲದಂಥ ಅಂಟು. ನಾನು ಕಾಪಾಡಿಕೊಂಡು ಬಂದ ಹಳೆಯ ಪೆಟ್ರೋಲು ಕೂತು ಕೂತು ಹಾಗಾಗಿತ್ತು. ವಯರಿನಿಂದ ಒಂದು ಎಳೆ ಕಿತ್ತು ಅದರ ಸಣ್ಣ ತೂತನ್ನು ಬಿಡಿಸಿ, ಹೊಸ ಪೆಟ್ರೋಲು ಹೊಯ್ದು ಜೋಡಿಸಿದೆ. ಈಗ ಭಾರ ಎಳೆಯಿತು. ಕಂಪ್ರೆಸರಿನ ಸದ್ದು ಕೇಳಿ ಅತ್ತಿಗೆ ಜಗುಲಿಯಿಂದಲೇ ನನಗೆ ಕೈ ಮುಗಿದರು. ನಾನು ನೆಲ ನೋಡಿದೆ.

ಸ್ವಲ್ಪ ಹೊತ್ತಿಗೆ ಮತ್ತೆ ಗೊರಗೊರ. ಕೆಂಪು ದೀಪ. ಬಂದ್.

ಬಿಚ್ಚಿದೆ, ಒರೆಸಿದೆ, ಜೋಡಿಸಿದೆ. ನಡೆಯಿತು. ಮತ್ತೆ ನಿಂತಿತು. ನಡೆಯುವುದಕ್ಕಿಂತ ನಿಂತದ್ದೇ ಹೆಚ್ಚು. ದೊಡ್ಡಪ್ಪ ಬಂದು ಕೋಲೂರಿ ನಿಂತು ನೋಡಿದರು. “ನಿನ್ನಂಗೇ ಉಂಟು ಅದು. ಕೆಲ್ಸ ಇಲ್ಲದಾಗ ಭಾರೀ ಚುರುಕು.” ನನ್ನ ಬಾಯಲ್ಲಿ ಚಹಾ ಇತ್ತು. ಪ್ರತಿ ಸಲ ಯಂತ್ರ ಕುಸಿದು ನಾನು ಮಂಡಿಯೂರಿ ಕೂತಾಗಲೂ, ಯಾರೋ ಪುಣ್ಯಾತ್ಮರು ಒಂದು ಬಿಸಿ ಲೋಟ ತಂದು ಪಕ್ಕಕ್ಕಿಡುತ್ತಿದ್ದರು. ಹೆಣವಿರುವ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಚಹಾ, ಗಂಜಿ ಎಲ್ಲ ನೆರೆಮನೆಯಿಂದ ಬರಬೇಕು. ಹಾಗೇ ಬಂದದ್ದಿರಬೇಕು ಎಂದುಕೊಂಡು ಕುಡಿದೆ. ಇನ್ನೊಂದು ಬಂತು, ಅದನ್ನೂ ಕುಡಿದೆ.

ಬಿಸಿಲು ಇಳಿಯುವ ಹೊತ್ತಿಗೆ ಕೈ ಒರೆಸಲು ಬಟ್ಟೆ ಹುಡುಕುತ್ತ ಒಳಗೆ ಹೋದೆ. ಜಗುಲಿಯ ಬೋರ್ಡಿನಿಂದ ಇನ್ನೊಂದು ವಯರು ಬಾಗಿಲ ಸಂದಿಯಲ್ಲಿ ನುಸುಳಿ ಭತ್ತದ ಕೋಣೆಗೆ ಹೋಗಿತ್ತು. ಅಲ್ಲಿ ಅತ್ತಿಗೆಯ ತಂಗಿ ಕರೆಂಟಿನ ಕೆಟಲಿನ ಮುಂದೆ ಕೂತು, ಹೊಸದಾಗಿ ಬಂದವರಿಗೆಂದು ಲೋಟ ಸಾಲಾಗಿ ಇಟ್ಟುಕೊಂಡಿದ್ದಳು. ಕೆಟಲು ಭೋರ್ಗರೆಯುತ್ತಿತ್ತು. ಹೊರಗೆ ಜನರೇಟರ್ ನರಳುತ್ತಿತ್ತು.

ನಾನು ಕೆಟಲಿನ ಪ್ಲಗ್ ಕಿತ್ತೆ. ಹೊರಗಿನ ನರಳಾಟ ಆ ಕ್ಷಣಕ್ಕೆ ನಿಂತು, ಸದ್ದು ಸಮವಾಯಿತು.

“ಎಂತಾತು ಭಾವಾ?”

“ಇದನ್ನ ಯಾವಾಗಿಂದ ಹಾಕಿದ್ದಿ?”

“ನೀವು ಬೋರ್ಡ್ ಇಟ್ಟಾಗಿಂದ. ವಯಸ್ಸಾದೋರು ಬಾಯಿಗೆ ನೀರು ಹಾಕ್ಲಿಲ್ಲ. ನೆರೆಮನೆಗೆ ಎಷ್ಟು ಸಲ ಹೋಗಿ ಕೇಳೂದು? ನೀವು ಫ್ಯಾನ್ ಬೇಡ ಅಂದ್ರಿ, ಮೊಬೈಲ್ ಬೇಡ ಅಂದ್ರಿ. ಇದನ್ನ ಹೇಳ್ಲಿಲ್ಲಲ್ಲ. ಒಲೆ ಹಚ್ಚೂಕೆ ಆಗೂದಿಲ್ಲ. ಇದ್ರಲ್ಲಿ ಬೆಂಕಿ ಇಲ್ಲ, ಹಾಂಗಾಗಿ...” ಎಂದವಳು ನನ್ನ ಮುಖ ನೋಡಿ, ಜಗುಲಿಯ ಕಡೆ ನೋಡಿ, ಸೆರಗನ್ನು ಬಾಯಿಗೊತ್ತಿಕೊಂಡಳು.

ಕೆಟಲನ್ನು ಚೀಲದೊಳಗೆ ತುರುಕಿ ಭತ್ತದ ಮೂಟೆಯ ಹಿಂದೆ ಸರಿಸಿದೆ. “ಯಾರ ಹತ್ರವೂ ಹೇಳ್ಬೇಡ,” ಎಂದೆ. ಅವಳನ್ನು ಕಾಪಾಡಲು ಹಾಗೆ ಹೇಳಿದೆ ಎಂದರೆ ಅರ್ಧ ಸುಳ್ಳು. ಆ ಚಹಾವನ್ನು ಎಲ್ಲರಿಗಿಂತ ಹೆಚ್ಚು ಕುಡಿದವನು ನಾನು.

ಹೊರಗೆ ಬಂದಾಗ ದೊಡ್ಡಪ್ಪ ಪೆಟ್ಟಿಗೆಯ ಮುಚ್ಚಳವನ್ನು ಎರಡು ಬೆರಳಷ್ಟು ಎತ್ತಿ ಮತ್ತೆ ಇಳಿಸುತ್ತಿದ್ದರು. ಊದುಬತ್ತಿಯ ಕಟ್ಟನ್ನೇ ಬಿಚ್ಚಿ ಹಚ್ಚಿದರು. ಗಾಜು ಒಳಗಿನಿಂದ ಬೆವರಿತ್ತು. ಅಣ್ಣನ ಮುಖ ಕಾಣುತ್ತಿರಲಿಲ್ಲ, ಬಣ್ಣ ಮಾತ್ರ ಕಾಣುತ್ತಿತ್ತು.

“ಈಗ ಸರಿ ಆಗಿದೆ ದೊಡ್ಡಪ್ಪ, ಇನ್ನು ನಿಲ್ಲೂದಿಲ್ಲ,” ಎಂದೆ.

“ಅದು ಸರಿ ಆತು. ಇವ್ನು ಆಗ್ಬೇಕಲ್ಲ.”

ಅತ್ತಿಗೆಯೇ ಎದ್ದು ಬಂದರು. ಸೆರಗಿನಿಂದ ಗಾಜು ಒರೆಸಲು ಹೋಗಿ ಕೈ ತಡೆದುಕೊಂಡರು. “ಎಲ್ಲಿ ಮುಟ್ಟಿದಾಳೆ ಅವ್ಳು?”

“ಸಾವಂತವಾಡಿ ದಾಟಿದೆ ಅಂದ್ಲು. ಇನ್ನು ಗೋವಾ ಪೂರಾ ದಾಟ್ಬೇಕು.”

“ಎತ್ತಿ ಹಾಂಗಾರೆ. ಇದನ್ನ ಅವ್ಳು ನೋಡೂದು ಬೇಡ.”

ಅಣ್ಣನ ಬಾಯಿಗೆ ನೀರು ಬಿಡುವಾಗ ನನ್ನ ಕೈ ಪೆಟ್ರೋಲು ನಾರುತ್ತಿತ್ತು. ಎಷ್ಟು ತೊಳೆದರೂ ಹೋಗಿರಲಿಲ್ಲ. ಬೆಂಕಿ ಕೊಟ್ಟವನೂ ನಾನೇ. ಒದ್ದೆ ಕಟ್ಟಿಗೆ ಹತ್ತಲು ತಡವಾಯಿತು. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದಾರೆ ಎನಿಸಿತು.

ತಿರುಗಿ ಬಂದರೆ ಮನೆಯಲ್ಲಿ ಜನರೇಟರ್ ನಡೆಯುತ್ತಲೇ ಇತ್ತು. ನಿಲ್ಲಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಒಂದು ಕೆಮ್ಮಿಲ್ಲ, ಒಂದು ಏರಿಳಿತವಿಲ್ಲ. ಜಗುಲಿಯಲ್ಲಿ ಖಾಲಿ ಪೆಟ್ಟಿಗೆ ಚೆನ್ನಾಗಿ ತಣ್ಣಗಾಗಿತ್ತು. ನಾನೂ ನಿಲ್ಲಿಸಲಿಲ್ಲ.

ಕತ್ತಲಾಗುವಾಗ ಹುಡುಗಿ ಬಂದಳು. ಯಾವುದೋ ಮೀನಿನ ಗಾಡಿಯಿಂದ ಇಳಿದಳು. ಸಲವಾರು ಮೊಣಕಾಲಿನವರೆಗೆ ಕೆಸರು. ಮೆಟ್ಟಿಲು ಹತ್ತಿ, ಪೆಟ್ಟಿಗೆಯ ಹತ್ತಿರ ಹೋಗಿ, ಎರಡೂ ಕೈ ಗಾಜಿನ ಮೇಲಿಟ್ಟು ಬಗ್ಗಿ ನೋಡಿದಳು. ಆಮೇಲೆ ಅತ್ತಿಗೆಯ ಹತ್ತಿರ ಹೋಗಲಿಲ್ಲ, ನನ್ನ ಹತ್ತಿರ ಬಂದಳು.

“ಕಾಕಾ, ಕಾಯ್ತೇವೆ ಅಂದಿದ್ರಿ.”

ಅವಳ ಹಿಂದೆ, ಬಾಗಿಲಲ್ಲಿ, ಅತ್ತಿಗೆಯ ತಂಗಿ ಚೌಕಟ್ಟು ಹಿಡಿದು ನಿಂತಿದ್ದಳು.

“ಮಷೀನು ಲೋಡ್ ಎಳೀಲಿಲ್ಲ ಮಗಾ,” ಎಂದೆ.

ಅವಳು ಕೊಟ್ಟಿಗೆಯ ಕಡೆ ತಿರುಗಿ ಕಿವಿಗೊಟ್ಟಳು. ನರ್ಸಲ್ಲವೇ, ಯಂತ್ರಗಳ ಸದ್ದು ಗೊತ್ತು.

“ಈಗ ಎಳೀತಾ ಉಂಟಲ್ಲ,” ಎಂದಳು.