ಎಡಕ್ಕಷ್ಟೇ ತಿರುಗುವ ಕಾರುಗಳು

ಕಪಾಟಿನ ಮೇಲಿನ ಹಲಗೆ ಒರೆಸುವಾಗ ಒಂದು ವಿಡಿಯೊ ಕ್ಯಾಸೆಟ್ ಕೈಗೆ ಬಂತು. ಡಬ್ಬಿ ತೆರೆದರೆ ಕಪ್ಪು ಟೇಪಿನ ಮೇಲೆಲ್ಲ ಬಿಳಿ ಬೂಷ್ಟು. ನಾನೀಗ ಇರುವ ಕಾರವಾರದ ಹವೆಯಲ್ಲಿ ಮನುಷ್ಯರಿಗೇ ಬೂಷ್ಟು ಹಿಡಿಯುತ್ತದೆ, ಇನ್ನು ಟೇಪಿನದೇನು. ಮೂಗಿನ ಹತ್ತಿರ ತಂದೆ. ಬೂಷ್ಟಿನ ಅಡಿಯಲ್ಲಿ ತೆಳ್ಳಗೆ ಡೀಸೆಲ್ ವಾಸನೆ ಇತ್ತು, ಅಥವಾ ಇದೆ ಎಂದು ನನಗೆ ಅನ್ನಿಸಿತು... ಅದನ್ನು ಕೊಟ್ಟವನ ಕೈಗೆ ಡೀಸೆಲ್ ಮೆತ್ತಿರದ ದಿನವನ್ನು ನಾನು ಕಂಡಿಲ್ಲ.

ಅಂಕೋಲೆ ಕಡೆಯ ಕಡಲ ದಂಡೆಯ ಊರು ಅವರ್ಸಾದಲ್ಲಿ ಎಲ್ಲರೂ ಅವನನ್ನು ಮಿಸ್ತ್ರಿ ಎನ್ನುತ್ತಿದ್ದರು. ದೋಣಿ ಎಂಜಿನ್ ರಿಪೇರಿ ಅವನ ಕಸುಬು. ನಾನು ಆ ಊರಿನ ಶಾಲೆಯ ಅಕ್ಕೋರು. ಹೆದ್ದಾರಿ ಪಕ್ಕದ ಅವನ ಗ್ಯಾರೇಜಿಗೂ ನನ್ನ ಬಾಡಿಗೆ ಮನೆಗೂ ನಡುವೆ ಇದ್ದದ್ದು ಒಂದು ದಾಸವಾಳದ ಬೇಲಿ. ಎದುರಿಗೆ ‘ನೀವು’ ಎನ್ನುತ್ತಿದ್ದೆ, ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವನು. ಈಗ ಬರೆಯುವಾಗ ‘ಅವನು’ ಎಂದೇ ಬರೆಯುತ್ತೇನೆ. ಬಹುವಚನ ಗಳಿಸುವಂಥ ಕೆಲಸವನ್ನು ಅವನು ಕೊನೆಗೂ ಮಾಡಲಿಲ್ಲ.

ಓಡುತ್ತಿರುವ ಎಂಜಿನ್ನಿಗೆ ಸ್ಕ್ರೂಡ್ರೈವರಿನ ತುದಿ ತಾಗಿಸಿ, ಅದರ ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೇಳುತ್ತಿದ್ದ. ಆಮೇಲೆ ತೀರ್ಪು. ಎಂಜಿನ್ನಿನ ವಿಷಯದಲ್ಲಿ ಅವನ ತೀರ್ಪು ತಪ್ಪುತ್ತಿರಲಿಲ್ಲ, ಅಷ್ಟನ್ನು ಒಪ್ಪಬೇಕು. ಮನುಷ್ಯರ ವಿಷಯದಲ್ಲಿ ಮಾತ್ರ ಕೇಳಬಾರದು. ಕಾರವಾರದ ಫಿಟ್ಟರುಗಳಿಗೆ ನಟ್ಟು ಗೊತ್ತಿಲ್ಲ, ಅಂಕೋಲೆಯವರಿಗೆ ಬೋಲ್ಟು ಗೊತ್ತಿಲ್ಲ, ಬಂದರಿನ ಎಂಜಿನಿಯರಿಗೆ ಎರಡೂ ಗೊತ್ತಿಲ್ಲ. ಇಂಥ ಮಾತನ್ನು ಗಿರಾಕಿಯ ಮುಖಕ್ಕೇ ಹೇಳಿ, ಗಿರಾಕಿಯೂ ಆ ಗುಂಪಿಗೇ ಸೇರಿದವನು ಎನ್ನುವಂತೆ ನೋಡುತ್ತಿದ್ದ.

ನಾನೇನು ಕಡಿಮೆ ಇರಲಿಲ್ಲ. ಮಕ್ಕಳಿಗೆ, ಹೆಡ್‌ಮಾಸ್ತರಿಗೆ, ಬಸ್ ನಿಲ್ಲಿಸದ ಡ್ರೈವರಿಗೆ, ಎಲ್ಲರಿಗೂ ನನ್ನ ಬಾಯಿಂದ ಪ್ರಸಾದ ಸಿಗುತ್ತಿತ್ತು. ಮಿಸ್ತ್ರಿಗೂ ವಾರಕ್ಕೆರಡು ಸಲ ಬೇಲಿಯಾಚೆಯಿಂದ ಬೈಯುತ್ತಿದ್ದೆ. ಅವನು ಸಿಟ್ಟಾಗುತ್ತಿರಲಿಲ್ಲ. ‘ಅಕ್ಕೋರ ಬಾಯಿಗೆ ಎಣ್ಣಿ ಹಾಕೂದು ಬ್ಯಾಡ, ಅದೇ ಓಡ್ತದೆ’ ಎಂದು ನಗಾಡುತ್ತಿದ್ದ.

ತೊಂಬತ್ತರ ದಶಕದ ನಡುಮಧ್ಯ ಅವನ ಗ್ಯಾರೇಜಿಗೆ ಟಿ.ವಿ. ಬಂತು, ವಿಸಿಆರ್ ಬಂತು. ಅವನ ಭಾವ ಸರಕು ಹಡಗೊಂದರ ಎಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದ. ಅಮೆರಿಕದ ಬಂದರುಗಳಿಗೆ ಹೋದಾಗಲೆಲ್ಲ ಅಲ್ಲಿಯ ಕಾರ್ ರೇಸಿನ ಕ್ಯಾಸೆಟ್ಟುಗಳನ್ನೂ ಹಳೆಯ ಪತ್ರಿಕೆಗಳನ್ನೂ ತಂದು ಸುರಿಯುತ್ತಿದ್ದ. ಆ ಟೇಪುಗಳು ನಮ್ಮ ಟಿ.ವಿ.ಗೆ ಹೊಂದುತ್ತಿರಲಿಲ್ಲ. ಚಿತ್ರ ಮೇಲಿಂದ ಕೆಳಕ್ಕೆ ಉರುಳುತ್ತಿತ್ತು. ಮಿಸ್ತ್ರಿ ವಾರಗಟ್ಟಲೆ ತಿಣುಕಿ ಉರುಳುವುದನ್ನು ನಿಲ್ಲಿಸಿದ, ಬಣ್ಣವನ್ನು ತರಲು ಆಗಲಿಲ್ಲ. ಹೀಗಾಗಿ ಅಮೆರಿಕದ ಆ ರೇಸು ಅವರ್ಸಾಕ್ಕೆ ಎರಡು ವರ್ಷ ತಡವಾಗಿ, ಕಪ್ಪು ಬಿಳುಪಿನಲ್ಲಿ ಬಂತು. ಯಾವುದು ಕೆಂಪು ಕಾರು, ಯಾವುದು ಹಳದಿ ಎಂದು ಪತ್ರಿಕೆಯ ಫೋಟೊ ನೋಡಿ ಅವನೇ ಎಲ್ಲರಿಗೂ ಹೇಳಬೇಕಿತ್ತು. ಹೇಳುತ್ತಿದ್ದ, ತಾನೇ ಬಣ್ಣ ಬಳಿದವನ ಹಾಗೆ.

ರವಿವಾರ ಮಧ್ಯಾಹ್ನ ನನಗೆ ಕರೆ ಬರುತ್ತಿತ್ತು. ಅಮೆರಿಕದವರ ಇಂಗ್ಲಿಷ್ ಯಾರಿಗೂ ತಿಳಿಯುತ್ತಿರಲಿಲ್ಲ. ಅಕ್ಕೋರಿಗೆ ತಿಳಿಯುತ್ತದೆ ಎಂದು ಊರು ನಂಬಿತ್ತು. ಹತ್ತರಲ್ಲಿ ಎರಡು ಮಾತು ತಿಳಿದರೆ ಹೆಚ್ಚು. ಉಳಿದದ್ದನ್ನು ನಾನು ಧೈರ್ಯವಾಗಿ ಹೇಳಿಬಿಡುತ್ತಿದ್ದೆ. ಏನಿತ್ತು ಅದರಲ್ಲಿ ತಪ್ಪಿಹೋಗುವಂಥದ್ದು? ತಲೆಯ ಮೇಲೆ ಮಾಡು ಇಲ್ಲದ, ಚಕ್ರ ಹೊರಗೆ ಚಾಚಿಕೊಂಡ ಕಾರುಗಳು. ಮೊಟ್ಟೆಯಾಕಾರದ ಮೈದಾನ. ಗಾಣದ ಎತ್ತಿನ ಹಾಗೆ ಇನ್ನೂರು ಸುತ್ತು, ಅದೂ ಎಡಕ್ಕೆ ಮಾತ್ರ. ಗಾಣದ ಎತ್ತಿನಿಂದ ಎಣ್ಣೆಯಾದರೂ ಬರುತ್ತದೆ, ಇಲ್ಲಿ ಎಣ್ಣೆ ಸುಡುತ್ತದೆ. ಗೆದ್ದವನು ಕೊನೆಗೆ ಒಂದು ಬಾಟಲಿ ಹಾಲು ಕುಡಿಯುತ್ತಾನೆ. ಹಾಲಿಗಾಗಿ ಇಷ್ಟೆಲ್ಲ ಯಾಕೆ, ಬೆಳಿಗ್ಗೆ ನಮ್ಮ ಮನೆಗೆ ಬಂದಿದ್ದರೆ ನಾನೇ ಕೊಡುತ್ತಿದ್ದೆ ಎಂದೆ. ಮಿಸ್ತ್ರಿ ನನ್ನತ್ತ ನೋಡಲೂ ಇಲ್ಲ.

ಅವನು ಜೀವ ಬಿಡುತ್ತಿದ್ದದ್ದು ಒಂದು ಎಂಜಿನ್ನಿನ ಮೇಲೆ. ಅಲ್ಲಿಯ ಅತಿ ಶ್ರೀಮಂತ ತಂಡವೊಂದು ನಿಯಮದಲ್ಲಿ ಒಂದು ಸಂದು ಕಂಡುಹಿಡಿದು, ಹಾಲು ಕುಡಿಯುವ ಆ ದೊಡ್ಡ ಓಟವೊಂದಕ್ಕೇ ಎಂದು ಗುಟ್ಟಾಗಿ ಎಂಜಿನ್ ಕಟ್ಟಿಸಿ, ಎಲ್ಲರನ್ನೂ ಹಿಂದೆ ಹಾಕಿತ್ತಂತೆ. ಆ ಕ್ಯಾಸೆಟ್ಟನ್ನು ಎಷ್ಟು ಸಲ ಹಾಕಿದನೋ ಲೆಕ್ಕವಿಲ್ಲ. ಮರುವರ್ಷ ಅದೇ ತಂಡಕ್ಕೆ ಅದೇ ಓಟದ ಆರಂಭದ ಸಾಲಿನಲ್ಲಿ ನಿಲ್ಲುವಷ್ಟು ವೇಗವೂ ಸಿಗಲಿಲ್ಲ. ಅದನ್ನು ಓದಿ ಹೇಳಿದ ದಿನ ಮಿಸ್ತ್ರಿ ಮಧ್ಯಾಹ್ನ ಊಟ ಮಾಡಲಿಲ್ಲ ಎಂದು ಅವನ ಹೆಂಡತಿ ನನ್ನನ್ನು ಬೈದಳು.

ಆಮೇಲೆ ಬಂದದ್ದು ಒಡಕಿನ ಸುದ್ದಿ. ಪತ್ರಿಕೆಯಿಂದ ನಾನೇ ಓದಿ ಹೇಳಿದೆ. ಮೈದಾನದ ಯಜಮಾನನಿಗೂ ತಂಡಗಳ ಯಜಮಾನರಿಗೂ ದೊಡ್ಡಸ್ತಿಕೆಯ ಜಗಳ. ರೇಸು ನನ್ನ ಮಾತಿನಂತೆ ನಡೆಯಬೇಕು ಎಂದು ಇವನು, ನಮ್ಮ ಮಾತಿನಂತೆ ಎಂದು ಅವರು. ಇವನು ತನ್ನದೇ ಬೇರೆ ಕೂಟ ಕಟ್ಟಿ, ಸಾಲಿನ ಹೆಚ್ಚಿನ ಜಾಗಗಳನ್ನು ತನ್ನವರಿಗೇ ಮೀಸಲಿಟ್ಟ. ಅವರು ಹೆಸರಾಂತ ಚಾಲಕರನ್ನೆಲ್ಲ ಕಟ್ಟಿಕೊಂಡು ಹೋಗಿ, ಅದೇ ದಿನ ಬೇರೆ ಊರಲ್ಲಿ ಬೇರೆ ಓಟ ಇಟ್ಟರು. ಮೈದಾನ ಇದ್ದಲ್ಲಿ ಚಾಲಕರಿಲ್ಲ, ಚಾಲಕರು ಇದ್ದಲ್ಲಿ ಮೈದಾನವಿಲ್ಲ. ಆ ಬೇರೆ ಊರಿನ ಓಟದ ಕ್ಯಾಸೆಟ್ಟೂ ಬಂತು. ಜಗತ್ತಿನ ಮಹಾ ಚಾಲಕರು ಬಾವುಟ ಬೀಸುವ ಮೊದಲೇ ಒಬ್ಬರಿಗೊಬ್ಬರು ಗುದ್ದಿಕೊಂಡು ಬಿದ್ದದ್ದನ್ನು ನಾವೆಲ್ಲ ನೋಡಿದೆವು. ಈ ಗದ್ದಲದಲ್ಲಿ ಅಲ್ಲಿಯ ಜನ ಮಾಡು ಇರುವ ಸಾದಾ ಕಾರುಗಳ ರೇಸಿನ ಕಡೆ ಹೊರಳಿದರು.

ಮಿಸ್ತ್ರಿ ನಕ್ಕ. ಅಷ್ಟು ನಕ್ಕದ್ದನ್ನು ನಾನು ಮತ್ತೆ ಕಾಣಲಿಲ್ಲ.

‘ಮಳ್ಳರು’ ಎಂದ. ‘ಎರಡು ಕಡೆಯವ್ರೂ ಮಳ್ಳರು. ಅಂಥಾ ಎಂಜಿನ್ ಕಟ್ಟೂ ಜನ್ರಿಗೆ ಇಷ್ಟು ತಿಳೂದಿಲ್ವಾ ಅಕ್ಕೋರೆ?’

ಅವನಿಗೊಬ್ಬ ಜೀವದ ಗೆಳೆಯನಿದ್ದ, ತಾಂಡೇಲ. ದೋಣಿ ನಡೆಸುವ ಮುಖ್ಯಸ್ಥನನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ. ಇಬ್ಬರ ಅಜ್ಜಂದಿರ ಕಾಲದಿಂದ ಅವರದೊಂದು ರಂಪಣಿ ಬಲೆ ಇತ್ತು. ಅರ್ಧ ಈ ಮನೆಯದು, ಅರ್ಧ ಆ ಮನೆಯದು, ಎರಡೂ ಕೂಡುವಲ್ಲಿ ಮೀನು ಬಂದು ತುಂಬುವ ಚೀಲ. ದೋಣಿ ಬಲೆಯನ್ನು ಕಡಲಲ್ಲಿ ಅರ್ಧ ಸುತ್ತು ಬಿಟ್ಟು ಬರುತ್ತದೆ. ಅದರ ಎರಡು ತುದಿಯ ಹಗ್ಗಗಳನ್ನು ದಂಡೆಯ ಮೇಲೆ ಅರವತ್ತು ಎಪ್ಪತ್ತು ಜನ ಸಮನಾಗಿ ಎಳೆಯಬೇಕು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನ ಪಾಲು, ದಾರಿಹೋಕನಿಗೂ. ದೋಣಿ ಇಲ್ಲದ ಮನೆಗಳು, ಗಂಡಸರಿಲ್ಲದ ಮನೆಗಳು ಆ ಹಗ್ಗದಿಂದಲೇ ಉಣ್ಣುತ್ತಿದ್ದವು. ನನ್ನ ತರಗತಿಯ ಅರ್ಧ ಮಕ್ಕಳು ಅಂಥ ಮನೆಯವರು.

ಗೆಳೆಯರಿಬ್ಬರೂ ಆಗಾಗ ಮುನಿಸಿಕೊಳ್ಳುತ್ತಿದ್ದರು. ಒಮ್ಮೆ ಹಗ್ಗ ಹೊಸತು ತರುವ ವಿಷಯಕ್ಕೆ ಎಂಟು ದಿನ ಮಾತು ಬಿಟ್ಟಾಗ ನಾನು ಶಾಲೆಯಿಂದ ಸೀದಾ ದಂಡೆಗೆ ಹೋಗಿ, ಎಲ್ಲರೆದುರು ಇಬ್ಬರನ್ನೂ ಒಂದನೇ ಇಯತ್ತೆಯ ಮಕ್ಕಳ ಹಾಗೆ ಬೈದು ತೊಳೆದಿದ್ದೆ. ಇಬ್ಬರೂ ತಲೆ ತಗ್ಗಿಸಿ ಒಂದೇ ಹಗ್ಗ ಹಿಡಿದರು.

ಅಮೆರಿಕದ ಒಡಕಿನ ಸುದ್ದಿ ಬಂದ ಆ ವರ್ಷ ಮಿಸ್ತ್ರಿ ರಂಪಣಿ ದೋಣಿಗೆ ತಾನೇ ಜೋಡಿಸಿದ ಎಂಜಿನ್ ಹಾಕಿದ. ನೂಲ ಹುಣ್ಣಿಮೆ ಬಂತು. ಅಂದು ಕಡಲಿಗೆ ಪೂಜೆ ಮಾಡಿ ತೆಂಗಿನಕಾಯಿ ಬಿಟ್ಟ ಮೇಲೆಯೇ ಬಲೆ ನೀರಿಗಿಳಿಯಬೇಕು. ಮೊದಲ ಕಾಯಿ ಬಿಡುವುದು ತಾಂಡೇಲನ ಮನೆಯವರ ಹಕ್ಕು. ಮಿಸ್ತ್ರಿ ಮುಂದೆ ಬಂದು ಕಾಯಿಗೆ ಕೈ ಚಾಚಿದ.

‘ಈ ವರ್ಷ ನಾ ಬಿಡ್ತೆ. ದೋಣಿ ಹೋಗೂದು ನನ್ನ ಎಂಜಿನ್ನಿಂದೆಯ’ ಎಂದ.

‘ಕಡ್ಲಿಗೆ ನಿನ್ನ ಎಂಜಿನ್ ಗುರ್ತು ಇಲ್ಲ. ನಮ್ಮನೆ ಕೈ ಗುರ್ತು ಅದೆ’ ಎಂದ ತಾಂಡೇಲ.

ಇಷ್ಟೇ. ಒಂದು ತೆಂಗಿನಕಾಯಿ. ಜಗ್ಗಾಟದಲ್ಲಿ ಅದು ಮರಳಿನ ಮೇಲೆ ಬಿತ್ತು, ಯಾರೂ ಎತ್ತಲಿಲ್ಲ. ಆ ವರ್ಷ ಕಡಲಿಗೆ ಕಾಯಿಯೂ ಸಿಗಲಿಲ್ಲ.

ಹತ್ತು ದಿನವಾದ ಮೇಲೆ ಒಂದು ಸಂಜೆ ಮಿಸ್ತ್ರಿ ನನ್ನ ಜಗಲಿಗೆ ಬಂದ. ಕೈ ಒರೆಸಿಕೊಳ್ಳುತ್ತ ಬಹಳ ಹೊತ್ತು ನಿಂತ.

‘ಅಕ್ಕೋರೆ, ಒಂದು ಕಾಗ್ದ ಬರ್ಕೊಡೂಕಾಗಿತ್ತು. ಬಲೆ ಪಾಲು ಮಾಡೂದು. ಅರ್ಧ ಅಂವಂಗೆ, ಅರ್ಧ ನಂಗೆ.’

‘ಚೀಲ ಯಾರಿಗೆ?’

‘ಅದೂ ಅರ್ಧ. ಅಂವಂಗೆ ಪೂರಾ ಬಿಡೂದಿಲ್ಲ.’ ಆಮೇಲೆ ಕೇಳಿದ, ‘ನೀವೆಂತ ಹೇಳ್ತ್ರಿ?’

ಆ ಅಮೆರಿಕದವರನ್ನು ನೆನಪಿಸಬಹುದಿತ್ತು. ತನ್ನ ಬಾಯಿಂದಲೇ ಮಳ್ಳರು ಎಂದಿದ್ದ, ಕ್ಯಾಸೆಟ್ ಇನ್ನೂ ಗ್ಯಾರೇಜಿನಲ್ಲೇ ಬಿದ್ದಿತ್ತು. ಅದೇ ನಾಟಕವನ್ನು ಅರ್ಧ ಬಲೆಯಲ್ಲಿ ಆಡಲು ಹೊರಟಿದ್ದಾನೆ, ಅವನಿಗೆ ಕಾಣುತ್ತಲೂ ಇಲ್ಲ. ನನಗೆ ಹೇಸಿಗೆಯಾಯಿತು. ಇವರಿಗೆ ಬೈದು ನನ್ನ ಬಾಯಿ ಯಾಕೆ ಹಾಳು ಮಾಡಿಕೊಳ್ಳಲಿ ಎನ್ನಿಸಿತು. ಬೈಗಳಕ್ಕೂ ಒಂದು ಯೋಗ್ಯತೆ ಬೇಕು ಎಂದುಕೊಂಡೆ.

‘ನಾ ಎಂತ ಹೇಳೂದು? ಬಲೆ ನಿಮ್ದು, ಕತ್ರಿ ನಿಮ್ದು’ ಎಂದು ಒಳಗೆ ಹೋಗಿ ಕಾಗದ ತಂದೆ. ಚಂದವಾಗಿ ಬರೆದುಕೊಟ್ಟೆ. ಅವನು ಕಾಗದ ಹಿಡಿದುಕೊಂಡು ಇನ್ನೂ ಸ್ವಲ್ಪ ಹೊತ್ತು ನಿಂತ... ಆಮೇಲೆ ಹೋದ.

ಮರುದಿನ ದಂಡೆಯ ಮೇಲೆ ಬಲೆ ಹಾಸಿ ಅಳೆದರು. ಕೊಯ್ಯುವ ಹೊತ್ತಿಗೆ ಹೆಂಗಸರು ಕೆಲವರು ಅತ್ತರು. ಇಬ್ಬರು ಗಂಡಸರೂ ಮುಖ ಬಿಗಿದುಕೊಂಡು, ಚೀಲದ ನಟ್ಟನಡುವೆ ಕತ್ತಿ ಆಡಿಸಿದರು. ಬಾಯಿ ಬಿಟ್ಟ ಚೀಲದಲ್ಲಿ ಯಾವ ಮೀನೂ ನಿಲ್ಲುವುದಿಲ್ಲ ಎಂಬುದು ಅಲ್ಲಿಯ ಎಳೆ ಮಕ್ಕಳಿಗೂ ಗೊತ್ತಿತ್ತು.

ಬಂಗಡೆಯ ಹಿಂಡು ಬಂದದ್ದು ಮುಂದಿನ ತಿಂಗಳು. ನೀರು ಕಪ್ಪಾಗುವಷ್ಟು ಹಿಂಡು. ಎರಡು ದೋಣಿಗಳು ಎರಡು ಅರ್ಧ ಬಲೆ ಹೇರಿಕೊಂಡು ಒಂದೇ ಹೊತ್ತಿಗೆ ಹೋದವು, ಒಬ್ಬನ ಹತ್ತಿರ ಎಂಜಿನ್ ಇತ್ತು, ಒಬ್ಬನ ಹತ್ತಿರ ಜನ ಇದ್ದರು. ಎರಡು ಬಲೆಗಳ ನಡುವಿನ ಸಂದಿನಲ್ಲಿ ಹಿಂಡು ನಿಧಾನವಾಗಿ, ಯಾರ ಅವಸರವೂ ಇಲ್ಲದೆ ಹೊರಗೆ ಹೋಯಿತು. ಹೊರಗಡೆ ದೊಡ್ಡ ಬೋಟುಗಳು ಕಾದಿದ್ದವು. ಸಂಜೆ ಅದೇ ಬಂಗಡೆ ಲಾರಿಯಲ್ಲಿ ನಮ್ಮ ಮುಂದೆಯೇ ಹೆದ್ದಾರಿಯಲ್ಲಿ ಹೋದದ್ದನ್ನು ನೋಡಿದೆವು.

ನಾನು ಆ ದಿನ ಗೆದ್ದವಳ ಹಾಗೆ ತಿರುಗಾಡಿದೆ. ಹೀಗಾಗುತ್ತದೆಂದು ನನಗೆ ಗೊತ್ತಿತ್ತು ಎಂದು ಶಾಲೆಯಲ್ಲಿ ಹೇಳಿಕೊಂಡೆ. ಗೊತ್ತಿದ್ದದ್ದು ನಿಜ.

ಎರಡು ಮಳೆಗಾಲದಲ್ಲಿ ಎರಡೂ ಅರ್ಧಗಳು ಕೊಳೆತವು. ಹಗ್ಗ ಎಳೆಯುತ್ತಿದ್ದವರು ಗಾರೆ ಕೆಲಸಕ್ಕೆ, ಮೀನು ಕೊಯ್ಯುವ ಕಾರ್ಖಾನೆಗೆ ಹೋದರು. ಶಾಲೆಯ ನನ್ನ ಹಾಜರಿ ಪುಸ್ತಕದಲ್ಲಿ ಓದು ಬಿಟ್ಟ ಮಕ್ಕಳ ಹೆಸರಿಗೆ ಎಳೆದ ಕೆಂಪು ಗೆರೆ ಹೆಚ್ಚಾಯಿತು. ಮಿಸ್ತ್ರಿ ಗ್ಯಾರೇಜು ಮುಚ್ಚಿ ಗೋವಾಕ್ಕೆ ಹೊರಟ, ಅವನು ಶಪಿಸುತ್ತಿದ್ದ ಆ ದೊಡ್ಡ ಬೋಟುಗಳ ಎಂಜಿನ್ನುಗಳನ್ನೇ ರಿಪೇರಿ ಮಾಡಲು. ಹೊರಡುವ ದಿನ ಬೇಲಿಯಾಚೆಯಿಂದ ಈ ಕ್ಯಾಸೆಟ್ ಕೊಟ್ಟ. ‘ಇಟ್ಕಳ್ಳಿ. ಅಲ್ಲಿ ಹಾಕೂಕೆ ಮಶಿನ್ ಇಲ್ಲ’ ಎಂದಷ್ಟೇ ಅಂದ. ನಾನು ಬೈಯಲಿಲ್ಲ, ಹೋಗಿಬನ್ನಿ ಎಂದೂ ಅನ್ನಲಿಲ್ಲ. ಕೆಲವು ವರ್ಷಗಳ ಹಿಂದೆ ಅವನು ಅಲ್ಲಿಯೇ ತೀರಿಕೊಂಡ. ಸುದ್ದಿ ನನಗೆ ತಲುಪುವಾಗ ಹನ್ನೆರಡನೇ ದಿನವೂ ಮುಗಿದಿತ್ತು.

ಕಪಾಟಿನಲ್ಲಿ ಕ್ಯಾಸೆಟ್ ಸಿಕ್ಕ ಮರುವಾರ ಅಂಕೋಲೆಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಕೋಲು ಹಿಡಿದ ಮುದುಕನೊಬ್ಬ ‘ಅಕ್ಕೋರೆ’ ಎಂದ. ತಾಂಡೇಲ. ಈಗ ಮಂಜಗುಣಿಯಲ್ಲಿ ಮಗಳ ಮನೆಯಲ್ಲಿದ್ದಾನಂತೆ. ಮಿಸ್ತ್ರಿಯ ಮಾತು ತೆಗೆಯಬಾರದೆಂದುಕೊಂಡೆ, ಅವನೇ ತೆಗೆದ.

‘ಆ ಕಾಗ್ದ ಬರ್ದವ್ರು ನೀವೇ ಅಲ್ವಾ?’

ಹೌದು ಎಂದೆ.

‘ನಂಗೆ ಓದೂಕೆ ಬತ್ತಿಲ್ಲ. ಆದ್ರೂ ಅಕ್ಷರ ಚಂದಿತ್ತು.’ ಕೋಲನ್ನು ಇನ್ನೊಂದು ಕೈಗೆ ಬದಲಿಸಿಕೊಂಡ. ‘ಅಂವ ನಿಮ್ಮಲ್ಲಿ ಬಂದಾಗೆ ನಾ ಗ್ಯಾರೇಜ್ ಹಿಂದೆ ನಿಂತಿದ್ದೆ. ಅಂವಂಗೂ ಗೊತ್ತಿತ್ತು ನಾ ನಿಂತದ್ದು. ನೀವು ಬೈತ್ರಿ ಅಂದ್ಕಂಡಿದ್ವಿ. ಇಬ್ರಿಗೂ ಸಮಾ ಬೈತ್ರಿ, ಆಮೇಲೆ ಇಬ್ರೂ ಮನೆಗೆ ಹೋಗೂದು ಹೇಳಿ... ನೀವು ಬೈಲೇ ಇಲ್ಲ.’

ಅವನ ಧ್ವನಿಯಲ್ಲಿ ದೂರು ಇರಲಿಲ್ಲ. ಮಂಜಗುಣಿ ಬಸ್ಸು ಬಂತು, ಕೈ ಹಿಡಿದು ಹತ್ತಿಸಿದೆ. ಕಾರವಾರದ ಬಸ್ಸಿಗೆ ಕಾಯುತ್ತ ಕುಳಿತಾಗ ಆ ಸಂಜೆ ಪೂರ್ತಿ ನೆನಪಿಗೆ ಬಂತು, ಇಷ್ಟು ವರ್ಷ ಬಿಟ್ಟುಬಿಟ್ಟಿದ್ದ ಭಾಗವೂ. ಮಿಸ್ತ್ರಿ ಜಗಲಿಯ ಮೇಲೆ ನಾನು ಹೋದ ಬಾಗಿಲನ್ನೇ ನೋಡುತ್ತ ನಿಂತಿದ್ದ. ಊರಿಗೆಲ್ಲ ಬೈದವಳು ನಾನು, ಸಾಲು ನೇರ ಬರಲಿ ಎಂದು ಒಳಗೆ ಸ್ಕೇಲು ಹುಡುಕುತ್ತಿದ್ದೆ.