ರಾಜಿಯ ಚಹಾ

ಗಂಗಾವತಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುವ ನನಗೆ ಆ ಒಂದು ಪಾಠ ಮೊದಲಿನಿಂದಲೂ ಆಗಿಬರುವುದಿಲ್ಲ. ಮಹಾಯುದ್ಧ ಮುಗಿದ ಮೇಲೆ ನಾಜಿ ಅಪರಾಧಿಗಳಲ್ಲಿ ಕೆಲವರು ಗಲ್ಲಿಗೇರಿದರು, ಎಷ್ಟೋ ಮಂದಿ ಪಾರಾದರು. ಕೆಲವರು ಸುಳ್ಳು ಹೆಸರಿನಲ್ಲಿ ಹಡಗು ಹತ್ತಿ ದೂರದೇಶ ಸೇರಿಕೊಂಡರು. ಮರಣದಂಡನೆಯ ತೀರ್ಪು ಆಗಿದ್ದವರಲ್ಲೂ ಕೆಲವರಿಗೆ ಶಿಕ್ಷೆ ಇಳಿಯಿತು, ಆಮೇಲೆ ಜೈಲಿನ ಬಾಗಿಲೂ ತೆರೆಯಿತು. ಗೆದ್ದವರಿಗೆ ಅಷ್ಟರಲ್ಲಿ ರಷ್ಯಾದ ಭಯ ಹಿಡಿದಿತ್ತು, ಜರ್ಮನಿ ತಮ್ಮ ಪಕ್ಕಕ್ಕೆ ಬೇಕಾಗಿತ್ತು. ಅಲ್ಲಿನ ಜನರಿಗೂ ಹಳೆಯದನ್ನು ಕೆದಕುವುದು ಸಾಕಾಗಿತ್ತು. ಇದನ್ನು ಹೇಳುವಾಗ ಪ್ರತಿ ವರ್ಷ ನನಗೆ ಸಿಟ್ಟು ಬರುತ್ತದೆ. ಈ ಸಲ ಸಿಟ್ಟಿನ ಬದಲು ಹೆದರಿಕೆಯಾಯಿತು.

ಯಾಕೆಂದರೆ ಮರುದಿನ ನನ್ನಕ್ಕ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಿತ್ತು. ಕಾಲುವೆ ನೀರಿನ ಜಗಳದಲ್ಲಿ ಭಾವನನ್ನು ಕೊಡಲಿಯಿಂದ ಕಡಿದವನನ್ನು ಕಣ್ಣಾರೆ ಕಂಡವಳು ಅವಳೊಬ್ಬಳೇ. ಅವನು ಜಾಮೀನು ಪಡೆದು ಊರಲ್ಲೇ ರಾಜಾರೋಷವಾಗಿ ತಿರುಗುತ್ತಿದ್ದ.

ಪಾಠ ಮುಗಿಸಿ, ಬಸ್ಸು ಹಿಡಿದು ಸಂಜೆ ಅಕ್ಕನ ಮನೆ ಮುಟ್ಟಿದಾಗ ಪಡಸಾಲೆಯಲ್ಲಿ ಊರ ಹಿರಿಯರು ಕೂತಿದ್ದರು. ಅವರ ನಡುವೆ ಕೊಂದವನ ಅಣ್ಣ. ಆ ಊರಿನಲ್ಲಿ ರಾಜಿಗೆ ಕಾಗದಪತ್ರ ಬೇಕಿಲ್ಲ. ನೊಂದವರು ಕೊಟ್ಟ ಚಹಾವನ್ನು ಎದುರಿನವರು ಕುಡಿದರೆ ಮುಗಿಯಿತು. ಆಮೇಲೆ ಕೋರ್ಟಿಗೆ ಹೋಗಿ, ನಾನೇನೂ ನೋಡಿಲ್ಲ ಎನ್ನುವುದಷ್ಟೇ ಬಾಕಿ.

ಹಿರಿಯರು ಕೆಟ್ಟವರಲ್ಲ, ಅದೇ ನನ್ನ ಸಂಕಟ. ನಾಟಿ ಹತ್ತಿರ ಬಂದಿದೆ, ನಮ್ಮ ಗದ್ದೆಗಳೆಲ್ಲ ಕಾಲುವೆಯ ಕೊನೆಗಿವೆ, ತೂಬು ಇರುವುದು ಈ ಅಣ್ಣತಮ್ಮಂದಿರ ಹೊಲದ ಪಕ್ಕ, ಅವರು ಮುನಿದರೆ ಕೆಳಗಿನ ಯಾರಿಗೂ ನೀರಿಲ್ಲ ಎಂದು ಮೆಲ್ಲಗೆ ತಿಳಿಹೇಳುತ್ತಿದ್ದರು. ಅವರಲ್ಲಿ ದೊಡ್ಡವರು ಕೊನೆಗೆ, "ಆಗಿದ್ದು ಆಗಿ ಹೋತವ್ವ. ಇನ್ನ ಇಡೀ ಊರು ಬದುಕಬೇಕಲ್ಲ" ಎಂದರು. ಮಧ್ಯಾಹ್ನ ನಾನು ಬೋರ್ಡಿನ ಮುಂದೆ ನಿಂತು ಹೇಳಿದ್ದೂ ಇಂಥದೇ ಮಾತು, ದೇಶ ಮಾತ್ರ ಬೇರೆ.

ಅಕ್ಕ ಒಳಗೆ ಹೋಗಿ ಒಲೆಯ ಮೇಲೆ ಚಹಾ ಇಟ್ಟಳು. ನಾನು ಹಿಂದೆಯೇ ಹೋದೆ. ಬೇಡ ಅನ್ನಲು ಬಾಯಿ ಬರಲಿಲ್ಲ, ಆ ಊರಿನಲ್ಲಿ ಬಾಳಬೇಕಾದವಳು ಅವಳು. ಇವತ್ತು ಏನು ಕಲಿಸಿದೆ ಎಂದು ನಾನು ಬಂದಾಗಲೆಲ್ಲ ಕೇಳುವಂತೆ ಅವತ್ತೂ ಕೇಳಿದಳು. ಹೇಳಿದೆ. ಸಕ್ಕರೆ ಹಾಕುತ್ತಾ ಕೇಳಿದಳು:

"ಅವರನ್ನ ಬಿಡುವಾಗ ಸತ್ತವರ ಹೆಂಡರು ಮಕ್ಕಳು ಸುಮ್ಮನಿದ್ರೇನ?"

"ಭಾಳ ಮಂದಿ ಉಳದಽ ಇದ್ದಿಲ್ಲಕ್ಕ. ಮನಿಮಂದೀನೆಲ್ಲಾ ಕೊಂದಿದ್ರು."

ಅವಳು ತಾಟಿನಲ್ಲಿ ಕಪ್ಪುಗಳನ್ನಿಟ್ಟುಕೊಂಡು ಹೊರಗೆ ನಡೆದಳು. ಹಿರಿಯರಿಗೆಲ್ಲ ಕೊಟ್ಟಳು. ಕೊಂದವನ ಅಣ್ಣ ಕೈ ಚಾಚಿದ.

"ನಾ ಉಳದೀನಿ" ಎಂದಳು ಅಕ್ಕ. ಅವನ ಮುಂದೆ ನಿಂತೇ ಆ ಚಹಾವನ್ನು ತಾನೇ ಕುಡಿದಳು.

ಮರುದಿನ ಸಾಕ್ಷಿ ಹೇಳಿದಳು. ಆ ಹಂಗಾಮಿನಲ್ಲಿ ಕೆಳಗಿನ ಗದ್ದೆಗಳಿಗೆ ನೀರು ಬರಲಿಲ್ಲ. ನೆರೆಯವರು ಅವಳನ್ನು ಮಾತನಾಡಿಸುವುದು ಬಿಟ್ಟಿದ್ದಾರೆ. ತೀರ್ಪು ಇನ್ನೂ ಬಂದಿಲ್ಲ.