ಎರಡು ಸಲ ಒತ್ತುವವನು

ನಮ್ಮಣ್ಣನನ್ನು ಬೀದಿಯವರೆಲ್ಲ ಡ್ರಮ್ಮಣ್ಣ ಎನ್ನುತ್ತಾರೆ. ನಾನು ಇಟ್ಟ ಹೆಸರು ಬೇರೆ ಇದೆ. ಅದನ್ನು ಅಚ್ಚು ಹಾಕುವಂತಿಲ್ಲ.

ಯಾರ ಮನೆಗೆ ಹೋದರೂ ಕರೆಗಂಟೆ ಒತ್ತುತ್ತಾನೆ, ಒಳಗಿನವರು ಕುರ್ಚಿಯಿಂದ ಏಳುವಷ್ಟರಲ್ಲಿ ಮತ್ತೆ ಒತ್ತುತ್ತಾನೆ. ಲಿಫ್ಟಿನ ಗುಂಡಿಯನ್ನು ಚುಚ್ಚಿ ಚುಚ್ಚಿ, ಅದು ಬರುವ ಮೊದಲೇ ಮೆಟ್ಟಿಲು ಹತ್ತಲು ಶುರು ಮಾಡುತ್ತಾನೆ. ನಾವು ಲಿಫ್ಟಿನಲ್ಲಿ ಆರಾಮವಾಗಿ ಹೋಗಿ ಮೇಲೆ ಅವನಿಗಾಗಿ ಕಾಯುತ್ತೇವೆ. ಕುಕ್ಕರಿನ ಆವಿ ಇಳಿಯುವ ತನಕ ಅವನು ತಡೆದದ್ದನ್ನು ಕಂಡವರಿಲ್ಲ. ಅಡುಗೆಮನೆಯ ಚಾವಣಿಗೆ ಅಂಟಿದ ಬೇಳೆಯ ಕಲೆ ತೋರಿಸಿ ಬೈಯಲು ಅತ್ತಿಗೆಯಾದರೂ ಇದ್ದಿದ್ದರೆ ನನಗೆ ಆ ಕೆಲಸ ತಪ್ಪುತ್ತಿತ್ತು. ಅತ್ತಿಗೆ ಬರಲೇ ಇಲ್ಲ.

ಬರಬಹುದಿತ್ತು. ಅಣ್ಣ ಡ್ರಮ್ಸ್ ಬಾರಿಸುತ್ತಿದ್ದ ಬ್ಯಾಂಡನ್ನು ನಡೆಸುವವಳೇ ಅದರ ಹಾಡುಗಾರ್ತಿ, ನನ್ನ ಗೆಳತಿ. ಎಷ್ಟೋ ವರ್ಷಗಳ ಹಿಂದೆ, ಒಂದು ಕಾರ್ಯಕ್ರಮ ಮುಗಿದ ಮೇಲೆ, ಬಸ್ ನಿಲ್ದಾಣದಲ್ಲಿ ನಿಂತು ಅಣ್ಣ ಅವಳನ್ನು ‘ನನ್ನ ಮದ್ವೆ ಆಗ್ತೀರಾ?’ ಎಂದು ಕೇಳಿದನಂತೆ. ಕೇಳಿದವನು ಮರುಕ್ಷಣವೇ ‘ಹೋಗ್ಲಿ ಬಿಡಿ, ಬೇಡ’ ಎಂದು ಬಸ್ಸು ಹತ್ತಿದನಂತೆ. ಯಾಕೋ ಹಾಗೆ ಮಾಡಿದೆ ಎಂದು ನಾನು ಕೇಳಿದರೆ, “ಉತ್ತರ ಬರ್ಲಿಲ್ಲ ಕಣೆ” ಅಂದ. ಆಮೇಲೆ ಅವಳೂ ಆ ಮಾತು ಎತ್ತಲಿಲ್ಲ, ಬೇರೆ ಮದುವೆಯನ್ನೂ ಆಗಲಿಲ್ಲ. ಅವಳು ಮುಂದೆ ನಿಂತು ಹಾಡುವುದು, ಇವನು ಹಿಂದೆ ಕೂತು ಅವಳ ಬೆನ್ನು ನೋಡುತ್ತ ಬಾರಿಸುವುದು, ಹೀಗೇ ಇಬ್ಬರಿಗೂ ತಲೆ ನರೆಯಿತು.

ಡ್ರಮ್ಸ್ ಎಂದರೆ ಅಣ್ಣನಿಗೆ ಯಾಕೆ ಪ್ರಾಣ ಎಂದು ನನಗೆ ಗೊತ್ತು. ಹೊಡೆದ ಕ್ಷಣವೇ ಉತ್ತರ ಕೊಡುವ ವಸ್ತು ಅದೊಂದೇ. ಆ ಸುಖವನ್ನೂ ಅವನೇ ಕೈಯಾರೆ ಕಳೆದುಕೊಂಡ. ಕೆಲವು ತಿಂಗಳ ಹಿಂದೆ, ಬಸ್ಸು ನಿಲ್ಲುವ ಮೊದಲೇ ಇಳಿಯಲು ಹೋಗಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡ. ಒಳಗೆ ಪ್ಲೇಟು ಹಾಕಿದ ಡಾಕ್ಟರು, ಇನ್ನು ಡ್ರಮ್ಸ್ ಕೋಲು ಮುಟ್ಟಬೇಡಿ ಎಂದು ಖಡಾಖಂಡಿತವಾಗಿ ಹೇಳಿದರು.

ಟೈರ್ ಅಂಗಡಿಯ ಮೇಲಿರುವ ನನ್ನ ರೆಕಾರ್ಡಿಂಗ್ ಕೋಣೆಗೆ ಹಾಡುಗಾರ್ತಿ ಹುಡುಕಿಕೊಂಡು ಬಂದಳು.

“ನಿಮ್ಮಣ್ಣಂಗೆ ಕಂಪ್ಯೂಟರಲ್ಲಿ ಲೂಪ್ ನುಡಿಸೋದು ಕಲಿಸು. ಶನಿವಾರದ ಕಾರ್ಯಕ್ರಮದಲ್ಲಿ ಸರಿ ಹೋದ್ರೆ ಅವರ ಜಾಗ ಅವರಿಗೇ. ಇಲ್ದಿದ್ರೆ ರೆಡಿ ಟ್ರ್ಯಾಕ್ ಹಾಕ್ಕೊಂಡು ಹಾಡ್ತೀನಿ, ಬೇರೆ ದಾರಿಯಿಲ್ಲ.”

ಕೋಲು ಹೋದ ಮೇಲೆ ಬ್ಯಾಂಡೂ ಹೋದರೆ ಅಣ್ಣನಿಗೆ ಒತ್ತಲು ಉಳಿಯುವುದು ಊರವರ ಕರೆಗಂಟೆ ಮಾತ್ರ. ಒಪ್ಪಿಕೊಂಡೆ. ನನ್ನ ಗ್ರಹಚಾರ.

ವಿಷಯ ಬಹಳ ಸುಲಭದ್ದು. ಪರದೆಯ ಮೇಲೆ ಸಾಲುಸಾಲು ಚೌಕಗಳಿರುತ್ತವೆ. ಒಂದೊಂದು ಚೌಕದಲ್ಲೂ ಡ್ರಮ್ಸ್ ಬಾರಿಸಿದ ಒಂದೊಂದು ತುಣುಕು, ಶುರುವಾದರೆ ಸುತ್ತುತ್ತಲೇ ಇರುತ್ತದೆ. ಮೇಜಿನ ಮೇಲಿನ ಪ್ಯಾಡಿನಲ್ಲಿ ಗುಂಡಿ ಒತ್ತಿದರೆ ಅದರ ಚೌಕ ಮಿಣುಕುತ್ತದೆ. ಹಾಡಿನ ಆ ಸುತ್ತು ಮುಗಿದು ಹೊಸ ಸುತ್ತಿನ ಮೊದಲ ಎಣಿಕೆಗೆ ಸರಿಯಾಗಿ ತುಣುಕು ಶುರುವಾಗುತ್ತದೆ. ನಿಲ್ಲಿಸಲೂ ಅದೇ ಗುಂಡಿ, ನಿಲ್ಲುವುದೂ ಸುತ್ತು ಮುಗಿದ ಮೇಲೆಯೇ. ಹಾಗಾಗಿ, ಮಿಣುಕುವಾಗಲೇ ಇನ್ನೊಮ್ಮೆ ಒತ್ತಿದರೆ ‘ಬೇಡ’ ಎಂದಂತೆ. ಇಷ್ಟೇ. ಒತ್ತಬೇಕು, ಕಾಯಬೇಕು. ಇದನ್ನು ನಾನು ಕಲಿಸಬೇಕಾದದ್ದು ಜಗತ್ತಿನಲ್ಲಿ ಯಾರಿಗೆ ನೋಡಿ!

“ಒತ್ತಿದೆ. ಬರ್ಲಿಲ್ಲ.”

“ಬರುತ್ತೆ ಅಣ್ಣಾ. ಮಿಣುಕ್ತಾ ಇದೆ ನೋಡು. ಈ ಸುತ್ತು ಮುಗೀಲಿ.”

ಟಪ್.

“ಅಯ್ಯೋ, ಮತ್ತೆ ಯಾಕೆ ಒತ್ತಿದೆ?”

“ಕೇಳಿಸಿಲ್ವೇನೋ ಅಂತ.”

“ಅದೇನು ಕಿವುಡಾ?”

“ಆಯ್ತು ಟೀಚರಮ್ಮ, ಕಿರುಚ್ಬೇಡ. ಇದರ ಕೆಲಸಾನೇ ನಿಧಾನ. ಯಾರು ತಂದ್ರು ಇದನ್ನ?”

ತಂದವಳು ನಾನು. ಕಾಯುವ ಏರ್ಪಾಡನ್ನೇ ತೆಗೆದುಹಾಕಿ ನೋಡಿದೆ. ಒತ್ತಿದ ಕೂಡಲೇ ತುಣುಕು ಶುರುವಾಯಿತು ನಿಜ, ಆದರೆ ಪ್ಲೇಟು ಹಾಕಿದ ಕೈ ಎಣಿಕೆಗೆ ಸರಿಯಾಗಿ ಬೀಳಲಿಲ್ಲ. ಡ್ರಮ್ಸ್ ಒಂದು ದಿಕ್ಕಿಗೆ, ಗಿಟಾರು ಒಂದು ದಿಕ್ಕಿಗೆ. ಅಭ್ಯಾಸಕ್ಕೆ ಬಂದಿದ್ದ ಬ್ಯಾಂಡಿನ ಗಿಟಾರಿನವನು ಚಹಾ ಕುಡಿದು ಬರುತ್ತೇನೆ ಎಂದು ಹೋದವನು ಬರಲೇ ಇಲ್ಲ. ಏರ್ಪಾಡನ್ನು ಮೊದಲಿನಂತೆಯೇ ಇಟ್ಟೆ. ಒತ್ತಿದ ಕೂಡಲೇ ಕೈಯನ್ನು ತಲೆಯ ಮೇಲಿಟ್ಟುಕೋ ಎಂದೆ. ತಲೆಯನ್ನು ಒಮ್ಮೆ ಪರಪರ ಕೆರೆದುಕೊಂಡು ಬಂದು ಮತ್ತೆ ಒತ್ತಿದ. ನನಗೆ ಅಳು ಬರುವುದೊಂದು ಬಾಕಿ. ಅಣ್ಣನಿಗೂ ಭಯವಾಗಿತ್ತು, ಅದು ನನಗೆ ಕಾಣುತ್ತಿತ್ತು. ಭಯವಾದಷ್ಟೂ ಆತುರ, ಆತುರವಾದಷ್ಟೂ ಟಪ್ ಟಪ್.

ಶುಕ್ರವಾರದ ಅಭ್ಯಾಸಕ್ಕೆ ಹಾಡುಗಾರ್ತಿ ಬಂದಳು. ಪಲ್ಲವಿ ಚೆನ್ನಾಗಿಯೇ ಸಾಗಿತು. ಚರಣಕ್ಕೆ ಬೇರೆ ತುಣುಕು ಬರಬೇಕಿತ್ತು. ಅಣ್ಣ ಹಳೆಯದನ್ನು ನಿಲ್ಲಿಸಿ ಹೊಸದನ್ನು ಒತ್ತಿದ. ಚೌಕ ಮಿಣುಕಿತು. ನಾನು ಉಸಿರು ಬಿಗಿಹಿಡಿದೆ. ಟಪ್. ಚರಣ ಶುರುವಾದಾಗ ಡ್ರಮ್ಸೇ ಇಲ್ಲ. ಅವಳ ದನಿಯೊಂದೇ ಕೋಣೆಯ ನಡುವೆ ಅನಾಥವಾಗಿ ನಿಂತಿತ್ತು.

ಅವಳು ಹಾಡು ನಿಲ್ಲಿಸಿ ಮೈಕನ್ನು ಕುರ್ಚಿಯ ಮೇಲಿಟ್ಟಳು.

“ಒಂದ್ಸಲ ಕೇಳಿ ಸುಮ್ನೆ ನಿಲ್ಲೋಕೆ ನಿಮಗೆ ಯಾವತ್ತಾದ್ರೂ ಆಗಿದ್ಯಾ ರೀ? ಆವತ್ತು ಬಸ್ ಸ್ಟ್ಯಾಂಡಲ್ಲಿ ನನ್ನ ಬಾಯಲ್ಲಿ ನೀರಿತ್ತು. ಬಾಯ್ತುಂಬ ನೀರು! ನುಂಗಿ ಹೇಳೋಣ ಅಂದ್ರೆ, ನುಂಗೋಷ್ಟರಲ್ಲಿ ನೀವು ಬಸ್ಸಲ್ಲಿದ್ರಿ.”

ಅವಳು ಚೀಲ ಎತ್ತಿಕೊಂಡು ಇಳಿದು ಹೋದಳು. ಕೆಳಗೆ ಟೈರಿನವರು ಗಾಳಿ ತುಂಬುವ ಸದ್ದು ಬರುತ್ತಿತ್ತು. ಅಣ್ಣ ಕದಲದೆ ಕೂತಿದ್ದ. ಇಷ್ಟು ವರ್ಷ ಇವನ ಪೆದ್ದುತನಕ್ಕೆ ರೇಗುತ್ತಿದ್ದ ನನಗೆ ಆಗ ಮಾತ್ರ ಬೈಯಲು ಮನಸ್ಸಾಗಲಿಲ್ಲ. ನೀರು ನುಂಗುವಷ್ಟು ಹೊತ್ತಿಗೆ ಒಂದು ಸಂಸಾರ ಹೋಯಿತಲ್ಲ!

“ಇನ್ನೊಂದ್ಸಲ ತೋರ್ಸು” ಎಂದ ಅಣ್ಣ.

ಶನಿವಾರ ಸಂಜೆ ಸಭಾಂಗಣ ತುಂಬಿತ್ತು. ನಾನು ವೇದಿಕೆಯಲ್ಲಿ ಅಣ್ಣನ ಪಕ್ಕದಲ್ಲೇ ಕೂತೆ, ಅಗತ್ಯ ಬಿದ್ದರೆ ಅವನ ಕೈ ಹಿಡಿಯಲು. ಪಲ್ಲವಿ ಮುಗಿಯುತ್ತ ಬಂತು. ಅವನು ಹಳೆಯದನ್ನು ನಿಲ್ಲಿಸಿ ಹೊಸದರ ಗುಂಡಿ ಒತ್ತಿದ. ಒತ್ತಿದವನೇ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಅವುಗಳ ಮೇಲೆಯೇ ಕೂತುಬಿಟ್ಟ. ಚೌಕ ಮಿಣುಕಿತು, ಮಿಣುಕಿತು. ಅಣ್ಣನ ಹಣೆಯಿಂದ ಬೆವರು ಇಳಿಯುತ್ತಿತ್ತು. ಚರಣದ ಮೊದಲ ಅಕ್ಷರದ ಜೊತೆಗೇ ಡ್ರಮ್ಸು ಬಂದು ಕೂಡಿಕೊಂಡಿತು. ಹಾಡುಗಾರ್ತಿ ಹಾಡುತ್ತಲೇ ಒಮ್ಮೆ ಹಿಂತಿರುಗಿ ನೋಡಿದಳು.

ಉಳಿದ ಹಾಡುಗಳೂ ದಾಟಿದವು. ಅಣ್ಣನ ಜಾಗ ಉಳಿಯಿತು.

ಜನರೆಲ್ಲ ಹೋದ ಮೇಲೆ ಅವಳು ವೇದಿಕೆಯ ಅಂಚಿನಲ್ಲಿ ಕೂತು ನೀರಿನ ಬಾಟಲಿ ತೆಗೆದಳು. ಈ ಮಹಾರಾಯ ಸರಿಯಾಗಿ ಆಗಲೇ ಹೋಗಿ ಅವಳ ಪಕ್ಕ ಕೂತ.

“ಆವತ್ತು ಕೇಳಿದ್ದನ್ನ ಈಗ ಕೇಳಿದ್ರೆ ಏನಂತೀರಿ?”

ಅವಳು ಅವನನ್ನೇ ನೋಡುತ್ತ ಬಾಟಲಿ ಎತ್ತಿದಳು. ಕುಡಿದಳು. ಬೇಕೆಂದೇ ನಿಧಾನವಾಗಿ, ಗುಟುಕು ಗುಟುಕಾಗಿ ಕುಡಿದಳು. ಅಣ್ಣನ ತುಟಿ ಅಲುಗಿತು. ನಾನು ಓಡಿಹೋಗಿ ಅವನ ಕಾಲು ತುಳಿದೆ. ಕೈಗಳನ್ನು ತೊಡೆಯ ಕೆಳಗೆ ತೂರಿಸಿ ಸುಮ್ಮನಾದ. ಬಾಟಲಿ ಖಾಲಿಯಾಯಿತು. ಅವಳು ಮುಚ್ಚಳ ತಿರುಗಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಹೂಂ” ಎಂದಳು.

“ನಿಜವಾಗ್ಲೂನಾ?” ಎಂದು ಅಣ್ಣ ಮತ್ತೆ ಕೇಳಿಬಿಟ್ಟ.

ನಾನು ಅವನ ಇನ್ನೊಂದು ಕಾಲನ್ನೂ ತುಳಿದೆ.